ಉಳುಮೆ ಕಾಣದ ಕಡಲು

ಇಕ್ಕೇರಿಯಲ್ಲಿ ಇವತ್ತು ಅರಮನೆ ಇಲ್ಲ. ಅಘೋರೇಶ್ವರ ದೇವಸ್ಥಾನ ನಿಂತಿದೆ, ಎದುರಿಗೆ ನಂದಿಮಂಟಪ ನಿಂತಿದೆ, ಉಳಿದ ರಾಜಧಾನಿಯನ್ನು ಮಳೆಯೂ ಕಾಡೂ ಹಂಚಿಕೊಂಡಿವೆ. ಆದರೂ ಕೆಳದಿ ಅರಸರು ಹೇಗೆ ಆಳಿದರು ಎಂದು ಕೇಳಿ ನೋಡಿ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿರಿಯರು ಒಂದಿಷ್ಟು ಹೇಳಿಯೇ ಹೇಳುತ್ತಾರೆ. ಶಿವಪ್ಪನಾಯಕನ ಶಿಸ್ತು ಅಂದರೆ ಸಾಕು: ಮಣ್ಣಿನ ಗುಣ ನೋಡಿ, ಬೆಳೆ ನೋಡಿ ಗದ್ದೆಗೂ ತೋಟಕ್ಕೂ ಕಂದಾಯ ಗೊತ್ತುಮಾಡಿದ ಅರಸ ನಮ್ಮ ಕಣ್ಣ ಮುಂದೆ ಬರುತ್ತಾನೆ. ಅವನ ಎತ್ತರ ಎಷ್ಟಿತ್ತು, ಮೈಕಟ್ಟು ಹೇಗಿತ್ತು ಎಂಬುದು ನಮಗೆ ಬೇಕೆನಿಸುವುದೇ ಇಲ್ಲ. ಮಾಡಿದ ಕೆಲಸ ಉಳಿದಿದೆ, ಅದರಿಂದ ಆಳನ್ನು ತಿಳಿದಿದ್ದೇವೆ. ಇತಿಹಾಸದಲ್ಲಿ ನಾವು ಸಲೀಸಾಗಿ ಒಪ್ಪುವ ಈ ಮಾತನ್ನು ಕಲ್ಲಿನ ವಿಷಯದಲ್ಲಿ ಯಾಕೋ ಒಪ್ಪುವುದಿಲ್ಲ. ಪಳೆಯುಳಿಕೆ ಅಂದಕೂಡಲೇ ಎಲುಬು, ಚಿಪ್ಪು, ಹಲ್ಲು ಹುಡುಕುತ್ತೇವೆ. ಒಡಲು ಸಿಗದಿದ್ದರೆ ಆ ಕಲ್ಲಿನಲ್ಲಿ ಜೀವದ ಕಥೆಯೇ ಇಲ್ಲ ಎಂದುಬಿಡುತ್ತೇವೆ. ಇದು ತಪ್ಪು ಎಂಬುದು ನನ್ನ ವಾದ. ಜೀವಿ ಬಿಟ್ಟುಹೋದ ಒಡಲಿಗಿಂತ ಅದು ಮಾಡಿಟ್ಟುಹೋದ ಗುರುತು ಎಷ್ಟೋ ಸಲ ಹೆಚ್ಚು ಗಟ್ಟಿಯಾದ ಸಾಕ್ಷಿ. ಇದನ್ನೇ ನಂಬಿ ಜೀವಮಾನವಿಡೀ ದುಡಿದ ಒಬ್ಬ ಭೂವಿಜ್ಞಾನದ ಮೇಷ್ಟರಿದ್ದರು. ಅವರ ಕಣ್ಣಿನಿಂದ ನೋಡಿದರೆ ನಮ್ಮ ಮಲೆನಾಡಿನ ಕಲ್ಲೂ ಬಾಯಿ ಬಿಡುತ್ತದೆ.

ಹೆಜ್ಜೆ, ತೆವಳಿದ ಗೆರೆ, ಕೊರೆದ ಬಿಲ, ಮೇಯ್ದ ಜಾಡು, ಮಲಗೆದ್ದ ಅಚ್ಚು ಇವೆಲ್ಲ ಕೆಸರಿನಲ್ಲಿ ಮೂಡಿ, ಮೇಲೊಂದು ಪದರ ಮುಚ್ಚಿ, ಕೊನೆಗೆ ಕಲ್ಲಾದಾಗ ಅವನ್ನು ಕುರುಹು ಪಳೆಯುಳಿಕೆ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇವುಗಳ ಪಾಡು ನಾಯಿಪಾಡು. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಮರಳುಗಲ್ಲಿನ ಮೇಲೆ ಸಿಕ್ಕ ಹೆಜ್ಜೆಗಳು ಯಾವ ಪ್ರಾಣಿಯವು ಎಂದು ತಿಳಿಯಲು ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ನಾದಿದ ಹಿಟ್ಟಿನ ಮೇಲೆ ಆಮೆಯನ್ನು ನಡೆಸಿ ನೋಡಿದರು. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನ ಪ್ರೊಫೆಸರ್ ಎಡ್ವರ್ಡ್ ಹಿಚ್‌ಕಾಕ್ ಕನೆಕ್ಟಿಕಟ್ ಕಣಿವೆಯ ಮೂರು ಬೆರಳಿನ ಹೆಜ್ಜೆಗಳನ್ನು ಸಾಲುಸಾಲಾಗಿ ಕೂಡಿಹಾಕಿ, ದೈತ್ಯ ಹಕ್ಕಿಗಳವೆಂದು ನಂಬಿದರು. ಅವು ಡೈನೋಸಾರಿನವು ಎಂದು ಮುಂದೆ ಗೊತ್ತಾಯಿತು. ಬಿಲಗಳನ್ನಂತೂ ಕಡಲಕಳೆಯ ಅಚ್ಚೆಂದು ಗಿಡಗಳ ಪಟ್ಟಿಗೆ ಸೇರಿಸಿದ್ದರು. 1881ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ ನಾಥೋರ್ಸ್ಟ್, ಜೀವಂತ ಹುಳುಹುಪ್ಪಟೆಗಳ ಜಾಡನ್ನು ಪಕ್ಕದಲ್ಲಿಟ್ಟು ಹೋಲಿಸಿ, ಇವುಗಳಲ್ಲಿ ಬಹುಪಾಲು ಗಿಡವಲ್ಲ, ಪ್ರಾಣಿಗಳು ಓಡಾಡಿದ ಗುರುತು ಎಂದು ತೋರಿಸಿಕೊಟ್ಟರು. ಆಮೇಲೆ ಬಹಳ ಕಾಲ ಹೊಸ ಹೊಸ ಹೆಸರಿಡುವುದೇ ಕೆಲಸವಾಯಿತು. ಅದನ್ನು ಬಿಟ್ಟು ಮುಂದೆ ಹೋಗೋಣ, ನಾನು ಹೇಳಬೇಕಾದ ಮನುಷ್ಯ ಇನ್ನೂ ಬಂದಿಲ್ಲ.

ಅಡಾಲ್ಫ್ ಸೈಲಾಕರ್. ಜರ್ಮನಿಯವರು, 1925ರಲ್ಲಿ ಹುಟ್ಟಿದವರು. ಯುದ್ಧ ಮುಗಿದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1964ರಿಂದ 1990ರವರೆಗೆ ಅಲ್ಲೇ ಪ್ರೊಫೆಸರ್ ಆಗಿದ್ದರು, ಕೊನೆಯ ವರ್ಷಗಳಲ್ಲಿ ಅಮೆರಿಕದ ಯೇಲ್‌ನಲ್ಲೂ ಪಾಠ ಹೇಳಿದರು. 1953ರಲ್ಲಿ ಅವರು ಮಾಡಿದ್ದು ಹೇಳಲಿಕ್ಕೆ ಸಣ್ಣದು, ಪರಿಣಾಮ ದೊಡ್ಡದು. ‘ಇದು ಯಾರ ಗುರುತು?’ ಎಂದು ಕೇಳುವುದನ್ನು ಬದಿಗಿಟ್ಟು, ‘ಇಲ್ಲಿ ಏನು ನಡೆಯುತ್ತಿತ್ತು?’ ಎಂದು ಕೇಳಿದರು. ಮಲಗಿದ್ದೋ, ನಡೆದದ್ದೋ, ಮೇಯ್ದದ್ದೋ, ಮಣ್ಣು ತಿನ್ನುತ್ತ ಒಳಗೆ ಹೋದದ್ದೋ, ಮನೆ ಮಾಡಿಕೊಂಡು ಕೂತದ್ದೋ ಎಂದು ಗುರುತುಗಳನ್ನು ಬದುಕಿನ ಕೆಲಸಗಳ ಮೇಲೆ ವಿಂಗಡಿಸಿದರು. ಕಡಲತಳದ ಹುಳವೊಂದು ತಾನು ಮೇಯ್ದ ದಾರಿಯನ್ನು ದಾಟದೆ, ಅದರಿಂದ ದೂರವೂ ಹೋಗದೆ, ಒತ್ತೊತ್ತಾಗಿ ತಿರುಗುತ್ತ ಒಂದಿಂಚೂ ಬಿಡದೆ ಮೇಯುವುದನ್ನು ಕಲ್ಲಿನ ಮೇಲೆ ಕಂಡು, ಆ ಹುಳ ಪಾಲಿಸಿದ ನಿಯಮಗಳೇನು ಎಂದು ಬಿಡಿಸಿದರು. 1969ರಲ್ಲಿ ಡೇವಿಡ್ ರಾಪ್ ಜೊತೆ ಸೇರಿ ಅದೇ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟರು. ಕಂಪ್ಯೂಟರು ಬಿಡಿಸಿದ ಗೆರೆ ಕಲ್ಲಿನ ಗೆರೆಯನ್ನೇ ಹೋಲಿತು. ಎಂದೋ ಸತ್ತು ಕರಗಿಹೋದ, ಎಲುಬೇ ಇಲ್ಲದ ಹುಳವೊಂದರ ನಡವಳಿಕೆ ಹೀಗೆ ನಮ್ಮ ಕೈಗೆ ಬಂತು ಅಂದರೆ ಯೋಚಿಸಿ! ಯಾವ ಎಲುಬು ಇದನ್ನು ಹೇಳೀತು? ಇನ್ನೊಂದು ಮಾತು. ಚಿಪ್ಪನ್ನು ಅಲೆ ಎಳೆದೊಯ್ಯುತ್ತದೆ, ಎಲುಬನ್ನು ಹೊಳೆ ಹೊತ್ತೊಯ್ಯುತ್ತದೆ. ಬಿಲವನ್ನು ಹೊತ್ತೊಯ್ಯಲು ಯಾರಿಂದಲೂ ಆಗದು. ಅದು ಸಿಕ್ಕ ಜಾಗದಲ್ಲೇ ಜೀವಿ ಬದುಕಿತ್ತು. ಆಳದ ಕಡಲಿನಲ್ಲಿ ಒಂದು ಬಗೆಯ ಗುರುತು, ಅಲೆ ಬಡಿಯುವ ದಂಡೆಯ ಮರಳಿನಲ್ಲಿ ಇನ್ನೊಂದು ಬಗೆ. ಹಾಗಾಗಿ ಗುರುತುಗಳ ಗುಂಪು ನೋಡಿ ಹಿಂದಿನ ಕಡಲಿನ ಸ್ವರೂಪ ಹೇಳಬಹುದು ಎಂಬ ಅವರ ಸೂತ್ರವನ್ನು ಎಣ್ಣೆಬಾವಿ ತೋಡುವವರು ಇವತ್ತಿಗೂ ಬಳಸುತ್ತಾರೆ.

ಸರಿ, ಗುರುತು ಬಿಟ್ಟವರು ಯಾರೆಂದೇ ಗೊತ್ತಿಲ್ಲದಿದ್ದರೆ ಅದೆಂಥ ಸಾಕ್ಷಿ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಒಂದೇ ಪ್ರಾಣಿ ನಡೆಯುವಾಗ ಒಂದು, ತೋಡುವಾಗ ಇನ್ನೊಂದು ಗುರುತು ಬಿಡುತ್ತದೆ, ಸಂಬಂಧವೇ ಇಲ್ಲದ ಎರಡು ಪ್ರಾಣಿಗಳು ಒಂದೇ ಬಗೆಯ ಬಿಲ ತೋಡುತ್ತವೆ. ಇದಕ್ಕೆ ಸೈಲಾಕರ್ ಅವರ ಬದುಕಿನಲ್ಲೇ ಒಂದು ಅಪೂರ್ವ ಉತ್ತರವಿದೆ. ಯುರೋಪಿನ ಹಳೆಯ ಆಳಗಡಲಿನ ಕಲ್ಲುಗಳಲ್ಲಿ ಪೇಲಿಯೋಡಿಕ್ಟಿಯಾನ್ ಎಂಬ ಗುರುತು ಸಿಗುತ್ತದೆ: ಆರು ಮೂಲೆಯ ಕೋಣೆಗಳನ್ನು ಜೋಡಿಸಿದಂಥ ಬಲೆ, ಅಳತೆ ಹಿಡಿದು ಬರೆದಷ್ಟು ಚೊಕ್ಕ. 1970ರ ದಶಕದಲ್ಲಿ ಪೀಟರ್ ರೋನಾ ಎಂಬ ಸಾಗರವಿಜ್ಞಾನಿ ಅಟ್ಲಾಂಟಿಕ್ ಸಾಗರದ ನಡುವಿನ ಬೆಟ್ಟಸಾಲಿನ ಬಳಿ, ಸುಮಾರು ಮೂರೂವರೆ ಸಾವಿರ ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಅಂಥದೇ ತೂತುಗಳ ಸಾಲು ಕಂಡಿತು. ಕೋಟಿಗಟ್ಟಲೆ ವರ್ಷಗಳ ಹಿಂದಿನ ಗುರುತನ್ನು ಇವತ್ತಿಗೂ ಯಾರೋ ಮೂಡಿಸುತ್ತಿದ್ದಾರೆ! ಸೈಲಾಕರ್ ಅದನ್ನು ಕೂಡಲೇ ಗುರುತು ಹಿಡಿದರು. ಮುಂದೆ, ಅವರು ಎಂಬತ್ತರ ಹತ್ತಿರ ಬಂದಿದ್ದಾಗ, ರೋನಾ ಜೊತೆ ಸೇರಿ ಆಲ್ವಿನ್ ಎಂಬ ಮುಳುಗುನೌಕೆಯ ನೆರವಿನಿಂದ ಹುಡುಕಾಟ ನಡೆಯಿತು. ಮೇಲಿನ ಕೆಸರನ್ನು ನೀರು ಚಿಮ್ಮಿಸಿ ತೊಳೆದಾಗ ಕೆಳಗೆ ಅದೇ ಆರು ಮೂಲೆಯ ಸುರಂಗಗಳು ಹೊರಬಿದ್ದವು. ಒಳಗೆ ಪ್ರಾಣಿ ಮಾತ್ರ ಸಿಗಲಿಲ್ಲ. ಮನೆ ಇದೆ, ಯಜಮಾನ ಇಲ್ಲ. ಈ ಸೋಲನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಆ ಮುದುಕರಿಗೆ ಅದೊಂದು ಭಾಗ್ಯ ಕೂಡಿಬರಬೇಕಿತ್ತು ಅನಿಸುತ್ತದೆ. ಆದರೆ ವಾದ ಇದರಿಂದ ಸೋಲುವುದಿಲ್ಲ, ಗೆಲ್ಲುತ್ತದೆ. ಬದುಕಿರುವ ಕಡಲಿನಲ್ಲೇ ಕೈಗೆ ಸಿಗದ ಜೀವಿಯೊಂದು ಇದೆಯೆಂದು ನಮಗೆ ತಿಳಿಸಿದ್ದು ಅದರ ಒಡಲಲ್ಲ, ಅದು ಮಾಡಿದ ಕೆಲಸ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಜೀವವೇ ಇಲ್ಲದ ಕಾರಣಗಳಿಂದಲೂ ಕಲ್ಲಿನಲ್ಲಿ ಗುರುತು ಮೂಡುತ್ತದಲ್ಲ? ಮಲೆನಾಡಿನವರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ, ನಮ್ಮ ಮನೆಗಳ ಗೋಡೆಯ ಜಂಬಿಟ್ಟಿಗೆಯನ್ನು ನೋಡಿದರೆ ಸಾಕು. 1801ರಲ್ಲಿ ಇಕ್ಕೇರಿ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ತಮ್ಮ 1807ರ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಜಾತಿಯ ಕಲ್ಲಿಗೇ. ಅದರ ತುಂಬ ಸುತ್ತಿಬಳಸಿದ ಕೊಳವೆಗಳು, ಹುಳ ಕೊರೆದಂತೆ. ಬಹುಪಾಲು ಅವು ಹುಳದ ಕೆಲಸವಲ್ಲ. ಮಳೆನೀರು ಇಳಿದು ಇಳಿದು ಕರಗುವುದನ್ನೆಲ್ಲ ಕರಗಿಸಿ, ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಬಿಟ್ಟುಹೋದದ್ದರ ಫಲ. ಸ್ವತಃ ಸೈಲಾಕರ್ ಕೂಡ ಇಂಥ ಇಕ್ಕಟ್ಟಿಗೆ ಸಿಕ್ಕಿದರು, ಅದೂ ನಮ್ಮ ದೇಶದಲ್ಲಿ. ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನ ಮೇಲೆ ಸಣ್ಣ ಸಣ್ಣ ಗೆರೆಗಳನ್ನು ಕಂಡು, 1998ರ ಅಕ್ಟೋಬರಿನಲ್ಲಿ ಜಾದವಪುರ ವಿಶ್ವವಿದ್ಯಾಲಯದ ಪ್ರದೀಪ್ ಬೋಸ್ ಮತ್ತು ಫ್ರೀಡ್ರಿಕ್ ಫ್ಲೂಗರ್ ಜೊತೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ನೂರು ಕೋಟಿ ವರ್ಷಕ್ಕೂ ಹಿಂದೆ ಹುಳುಗಳು ಇದ್ದವು, ಇವು ಅವುಗಳ ಸುರಂಗ. ಜಗತ್ತೇ ತಿರುಗಿ ನೋಡಿತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಡೆಹ್ರಾಡೂನಿನ ಆರ್. ಜೆ. ಅಜ್ಮಿ, ಚೋರ್ಹಟ್ ಕಲ್ಲೂ ಸೇರಿದ ವಿಂಧ್ಯ ಶಿಲಾಸಮೂಹದಲ್ಲಿ ಸಿಕ್ಕ ಪುಟ್ಟ ಚಿಪ್ಪಿನಂಥ ಪಳೆಯುಳಿಕೆಗಳನ್ನು ಮುಂದಿಟ್ಟು, ಕಲ್ಲು ಅಷ್ಟು ಹಳೆಯದೇ ಅಲ್ಲ ಅಂದರು. 2002ರಲ್ಲಿ ಜಿರ್ಕಾನ್ ಹರಳುಗಳ ಕಾಲನಿರ್ಣಯ ನಡೆದಾಗ ಕಲ್ಲಿನ ವಯಸ್ಸು ಸುಮಾರು 160 ಕೋಟಿ ವರ್ಷ ಎಂದು ಬಂತು. ಅಷ್ಟು ಹಿಂದೆ ಹುಳು ಇದ್ದಿದ್ದರೆ, ಆಮೇಲಿನ ನೂರು ಕೋಟಿ ವರ್ಷ ಒಂದು ಬಿಲವನ್ನೂ ತೋಡದೆ ಎಲ್ಲಿ ಅಡಗಿತ್ತು? ಇವತ್ತು ಆ ಗೆರೆಗಳನ್ನು ಪ್ರಾಣಿಯ ಸುರಂಗವೆಂದು ಹೆಚ್ಚಿನವರು ಒಪ್ಪುವುದಿಲ್ಲ. ಅಜ್ಮಿಯವರ ಪಳೆಯುಳಿಕೆಗಳು ನಿಜವಾದವೇ, ವಯಸ್ಸು ಮಾತ್ರ ಅವರು ಅಂದುಕೊಂಡದ್ದಕ್ಕಿಂತ ಬಹಳ ಹಿಂದಿನದು ಎಂದು 2009ರಲ್ಲಿ ಸ್ವೀಡನ್ನಿನ ಸ್ಟೀಫನ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ತೋರಿಸಿದರು. ಇಲ್ಲಿ ಒಂದನ್ನು ಗಮನಿಸಬೇಕು. ಮೋಸ ಹೋಗುವ ಅಪಾಯ ಗುರುತಿಗೆ ಮಾತ್ರ ಅಂಟಿದ್ದಲ್ಲ, ಒಡಲಿನ ಪಳೆಯುಳಿಕೆಗೂ ಅದೇ ಗತಿ ಬಂತು. ಎರಡನ್ನೂ ಪರೀಕ್ಷಿಸುವ ದಾರಿ ಒಂದೇ: ಸುತ್ತಲಿನ ಪದರ ಏನು ಹೇಳುತ್ತದೆ, ಕಾಲ ಏನು ಹೇಳುತ್ತದೆ, ಇದೇ ಆಕಾರ ಬೇರೆ ಕಾರಣದಿಂದ ಮೂಡೀತೇ ಎಂದು ಕೇಳುತ್ತ ಹೋಗುವುದು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮಲೆನಾಡಿನ ಬಂಡೆಗಳು ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನವು, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದವು. ಇಲ್ಲಿ ಎಲುಬು ಸಿಗಲಾರದು, ಹುಳದ ಬಿಲವೂ ಸಿಗಲಾರದು. ಆದರೆ ಶಿವಮೊಗ್ಗದಿಂದ ಸಾಗರಕ್ಕೆ ಬರುವ ದಾರಿಯ ಕುಂಸಿ ಇದೆಯಲ್ಲ, ಆ ಕಡೆಯ ಸುಣ್ಣಕಲ್ಲಿನ ಜಾತಿಯ ಬಂಡೆಗಳಲ್ಲಿ ಸ್ಟ್ರೊಮ್ಯಾಟೊಲೈಟುಗಳಿವೆ. ಶಿವಮೊಗ್ಗ ಪಟ್ಟಿಯ ಇಂಥ ಕಲ್ಲುಗಳ ವಿವರ 1989ರಲ್ಲಿ ಅದೇ ಬೆಂಗಳೂರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಳಕು ತಾಗುವಷ್ಟು ಆಳದ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಾಗಿ ಹರಡಿಕೊಳ್ಳುತ್ತವೆ, ತೇಲಿಬಂದ ಕಣಗಳು ಅದಕ್ಕೆ ಅಂಟುತ್ತವೆ, ಬೆಳಕಿಗಾಗಿ ಜೀವಿಗಳು ಮೇಲೆ ಬಂದು ಇನ್ನೊಂದು ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಸೇರಿ ಗುಮ್ಮಟವೋ ಕಂಬವೋ ಏಳುತ್ತದೆ. ಸೂಕ್ಷ್ಮಜೀವಿಗಳ ಒಡಲು ಎಂದೋ ಹೋಗಿದೆ, ಕಟ್ಟಡ ಉಳಿದಿದೆ. ಧಾರವಾಡ ಶಿಲಾಸಮೂಹದ ಈ ಭಾಗಕ್ಕೆ 260 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಇದನ್ನು ಕುರುಹು ಪಳೆಯುಳಿಕೆಯ ಪಟ್ಟಿಗೆ ಸೇರಿಸಬಾರದು, ಇದು ಬೇರೆಯೇ ವರ್ಗ ಎನ್ನುವ ಪಂಡಿತರಿದ್ದಾರೆ. ಇಂಥ ಪದರ ಬರೀ ರಾಸಾಯನಿಕ ಕ್ರಿಯೆಯಿಂದಲೂ ಬೆಳೆದೀತು ಎನ್ನುವವರೂ ಇದ್ದಾರೆ, ಅವರ ಎಚ್ಚರ ನ್ಯಾಯವಾದದ್ದೇ. ಆದರೆ ಪದರಗಳು ಸಮನಾಗಿರದೆ ಸುಕ್ಕುಸುಕ್ಕಾಗಿ ಬೆಳೆದು, ಗುಮ್ಮಟದ ನೆತ್ತಿಯಲ್ಲಿ ದಪ್ಪವಾಗಿ, ಆಳವಿಲ್ಲದ ನೀರಿನ ಕಲ್ಲುಗಳ ನಡುವೆಯೇ ಸಿಕ್ಕರೆ, ಜೀವ ಎಂಬ ವಿವರಣೆಯೇ ಉಳಿದದ್ದಕ್ಕಿಂತ ಹಗುರವಾಗಿ ಒಪ್ಪುತ್ತದೆ.

ಇಲ್ಲಿಗೆ ಸೈಲಾಕರ್ ಅವರ ಕೊನೆಗಾಲದ ದೊಡ್ಡ ಯೋಚನೆಯನ್ನು ತರಬೇಕು. ಪ್ರಾಣಿಗಳು ಬರುವ ಮೊದಲು ಕಡಲತಳ ಇವತ್ತಿನಂತೆ ಸಡಿಲ ಕೆಸರಾಗಿರಲಿಲ್ಲ, ಸೂಕ್ಷ್ಮಜೀವಿಗಳ ಚಾಪೆ ಹೊದ್ದು ಬಿಗಿಯಾಗಿತ್ತು. ಸುಮಾರು 54 ಕೋಟಿ ವರ್ಷಗಳ ಹಿಂದೆ ಹುಳುಗಳು ಅದನ್ನು ಮೇಲಿಂದ ಕೆಳಗೆ ತೋಡಲು ಶುರುಮಾಡಿದವು. ಅದನ್ನು ಅವರು ಕೃಷಿಕ್ರಾಂತಿ ಎಂದೇ ಕರೆದರು, ಕಡಲು ಉಳುಮೆ ಕಂಡ ಕಾಲ ಅದು. ಕೇಂಬ್ರಿಯನ್ ಯುಗ ಎಲ್ಲಿಂದ ಶುರು ಎಂದು 1992ರಲ್ಲಿ ಅಂತರರಾಷ್ಟ್ರೀಯವಾಗಿ ತೀರ್ಮಾನಿಸಿದಾಗ, ಗಡಿಕಲ್ಲಾಗಿ ಆರಿಸಿದ್ದು ಯಾವ ಚಿಪ್ಪನ್ನೂ ಅಲ್ಲ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಬಂಡೆಯಲ್ಲಿ ಮೊದಲು ಕಾಣಿಸಿಕೊಳ್ಳುವ ಒಂದು ಬಿಲದ ಗುರುತನ್ನು. ಈಗ ಕುಂಸಿಯ ಕಲ್ಲನ್ನು ಮತ್ತೆ ನೋಡಿ. ಕೂದಲೆಳೆಯಂಥ ಪದರಗಳು ಕಲಕದೆ ಉಳಿದದ್ದು ಯಾಕೆ? ಉಳುವವರೇ ಇರಲಿಲ್ಲ. ಗುರುತಿನ ಅಭಾವವೇ ಇಲ್ಲಿ ಗುರುತು. ಕಾಣಲಿಲ್ಲ ಅಂದಮಾತ್ರಕ್ಕೆ ಇರಲಿಲ್ಲ ಅನ್ನಬಹುದೇ ಎಂದರೆ, ಒಂದು ಬಂಡೆಯ ಮಟ್ಟಿಗೆ ಅನ್ನಲಾಗದು, ನಿಜ. ಆದರೆ ಲೋಕದ ಎಲ್ಲ ಖಂಡಗಳ, ಪ್ರಾಣಿಗಳು ಬರುವುದಕ್ಕಿಂತ ಹಿಂದಿನ ಕಲ್ಲುಗಳೂ ಹೀಗೆ ಕಲಕದೆಯೇ ಇವೆ, ನಮ್ಮದೇ ಬಾದಾಮಿಯ ಮರಳುಗಲ್ಲಿನಲ್ಲೂ ಅಲೆಯ ಸುಕ್ಕುಗಳು ನಿನ್ನೆ ಮೂಡಿದಂತೆ ಉಳಿದಿವೆ. ಇವತ್ತು ಬದುಕಿರುವ ಸ್ಟ್ರೊಮ್ಯಾಟೊಲೈಟುಗಳು ಹೆಸರಾಗಿರುವುದು ಆಸ್ಟ್ರೇಲಿಯದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ. ಅಲ್ಲಿನ ನೀರು ಎಷ್ಟು ಉಪ್ಪೆಂದರೆ ಅವನ್ನು ಮೇಯುವ ಬಸವನಹುಳುಗಳಿಗೆ ಬದುಕುವುದೇ ಕಷ್ಟ. ಮೇಯುವವರಿಲ್ಲದ ಕಡೆ ಚಾಪೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣೆದುರಿನ ರುಜುವಾತು ಬೇಕಿಲ್ಲ.

1992ರಲ್ಲೇ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಸೈಲಾಕರ್ ಅವರಿಗೆ ಕ್ರಾಫೂರ್ಡ್ ಪ್ರಶಸ್ತಿ ಕೊಟ್ಟಿತು. ಆ ಹಣದಲ್ಲಿ ಅವರು ಕಲ್ಲಿನ ಮೈಯ ದೊಡ್ಡ ದೊಡ್ಡ ಅಚ್ಚುಗಳನ್ನು ತೆಗೆಸಿ, ‘ಫಾಸಿಲ್ ಆರ್ಟ್’ ಎಂಬ ಪ್ರದರ್ಶನ ಕಟ್ಟಿ ಊರೂರು ಸುತ್ತಿಸಿದರು, ಸಾಮಾನ್ಯ ಜನರೂ ನಿಂತು ನೋಡಲಿ ಎಂದು. 2014ರಲ್ಲಿ ತೀರಿಕೊಂಡರು. ಕುಂಸಿಯ ಬಂಡೆಗೆ ಅಂಥ ಅಚ್ಚು ತೆಗೆದು ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಂದು ಗೋಡೆಗೆ ನಿಲ್ಲಿಸಿದರೆ ಕಲ್ಲಿಗೆ ಒಂದು ಸುತ್ತಿಗೆ ಪೆಟ್ಟೂ ಬೀಳುವುದಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ಇರುವ ಶಂಕರಘಟ್ಟ ಕುಂಸಿಗೆ ದೂರವೇನಲ್ಲ. ಮಕ್ಕಳನ್ನು ಮೊದಲು ಆ ಗೋಡೆಯ ಮುಂದೆ ನಿಲ್ಲಿಸಿ, ಖನಿಜಗಳ ಹೆಸರು ಕೇಳುವುದಕ್ಕೆ ಮುಂಚೆ, ಇಲ್ಲಿ ಏನು ನಡೆಯುತ್ತಿತ್ತು ಹೇಳು ನೋಡೋಣ ಎಂದು ಕೇಳಬೇಕು.