ಸಿಗಡಿ ಕಾರ್ಖಾನೆಗೆ ಹೊರಟವರಿಗೆ



ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆಯ ಹುಡುಗಿಯರು ಕರಾವಳಿಯ ಸಿಗಡಿ ಕಾರ್ಖಾನೆಗೆ ಹೊರಡುವುದುಂಟು. ನಾನೂ ಹಾಗೇ ಹೋದವಳು. ಇಪ್ಪತ್ತು ವರ್ಷ ಸಿಗಡಿ ಸುಲಿದಿದ್ದೇನೆ. ಸುಲಿಯೋದರಲ್ಲೇನು ಮಹಾ ವಿದ್ಯೆ ಅಂತೀರೋ ಏನೋ, ಕೇಳಿ.

ಸಿಗಡಿ ಸತ್ತ ಗಳಿಗೆಯಿಂದಲೇ ಕೆಡಲು ತೊಡಗುತ್ತದೆ; ಮೊದಲು ಕೆಡುವುದು ತಲೆ. ಅದನ್ನು ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು, ಕೂಡಲೇ ಐಸಿಗೆ ಹಾಕಬೇಕು. ನರ ಅಂತೀವಿ, ನಿಜಕ್ಕೂ ಅದು ಕರುಳು. ಹೊಸಬರು ತಲೆಯ ಜೊತೆಗೆ ಕುತ್ತಿಗೆಯ ಮಾಂಸವನ್ನೂ ಕಿತ್ತುಬಿಡುತ್ತಾರೆ. ಪಳಗಿದ ಕೈ ಹಾಗೆ ಮಾಡದು. ಒಂದು ಪೌಂಡಿಗೆ ಎಷ್ಟು ಸಿಗಡಿ ತೂಗುತ್ತವೆ ಎಂಬುದರ ಮೇಲೆ ಬೆಲೆ: 21ರಿಂದ 25 ಬಂದರೆ ಒಂದು ದರ್ಜೆ, 31ರಿಂದ 40 ಬಂದರೆ ಅದಕ್ಕಿಂತ ಕೆಳಗಿನದು. ಮಾಂಸ ಹೋಯಿತೋ, ದರ್ಜೆ ಇಳಿಯಿತು ಅನ್ನಿ. ಆಮೇಲೆ ಅದನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಗಟ್ಟಿಮಾಡುತ್ತಾರೆ.

ಬಳೆ, ಉಂಗುರ, ಮುಡಿದ ಹೂವು ಎಲ್ಲಾ ಬಾಗಿಲ ಹೊರಗೇ. ಕೈಯನ್ನು ಕ್ಲೋರಿನ್ ನೀರಲ್ಲಿ ಅದ್ದಿಯೇ ಒಳಗೆ ಹೋಗಬೇಕು. ಇದು ಬರೀ ಗದರಿಕೆಯಲ್ಲ. 1997ರಲ್ಲಿ ಶುಚಿ ಸಾಲದೆಂದು ಯುರೋಪಿನವರು ನಮ್ಮ ದೇಶದ ಮೀನನ್ನೇ ಕೆಲವು ತಿಂಗಳು ತಡೆದಿದ್ದರು.

ಇನ್ನು ಗಾಯದ ಮಾತು. ಸಿಗಡಿಯ ತಲೆಯ ಮುಳ್ಳು ಚುಚ್ಚದ ಕೈಯಿಲ್ಲ. ಮೊದಲ ವರ್ಷ ನನ್ನ ಬೆರಳು ಬಾತಿತ್ತು. ಕೂಲಿ ಹೋದೀತೆಂದು ಕೈಗವಸಿನೊಳಗೆ ಮೂರು ದಿನ ಬಚ್ಚಿಟ್ಟೆ. ಕಡೆಗೆ ಕೊಯ್ದು ಕೀವು ತೆಗೆದರು. ಹದಿನೈದು ದಿನದ ಕೂಲಿ ಹೋಯಿತು. ಮೇಲಾಗಿ ಕೀವಿನ ರೋಗಾಣು ಆಹಾರದಲ್ಲಿ ಬೆಳೆದು ಬಿಡುವ ವಿಷ ಬೇಯಿಸಿದರೂ ಹೋಗುವುದಿಲ್ಲವಂತೆ. ಆಗ ನನಗದು ತಿಳಿಯದು. ಚುಚ್ಚಿದ ದಿನವೇ ಮೇಸ್ತ್ರಿಗೆ ಹೇಳಿ, ಸುಲಿಯುವುದು ಬಿಟ್ಟು ಬೇರೆ ಕೆಲಸ ಕೇಳಿ.

ಶೀತಯಂತ್ರಕ್ಕೆ ಅಮೋನಿಯ ಬಳಸುತ್ತಾರೆ. ಮೂಗಿಗೆ ಘಾಟು ಬಡಿದರೆ ಚಪ್ಪಲಿ, ಬುತ್ತಿ ಹುಡುಕುತ್ತಾ ನಿಲ್ಲಬೇಡಿ. ಒದ್ದೆ ಬಟ್ಟೆ ಮುಖಕ್ಕೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಓಡಿ. ಸೇರಿದ ಮೊದಲ ದಿನವೇ ಹೊರಬಾಗಿಲು ಎಲ್ಲೆಲ್ಲಿದೆ ನೋಡಿಕೊಳ್ಳಿ.

ಕೂಲಿ ದಿನಕ್ಕೋ ಸುಲಿದ ತೂಕಕ್ಕೋ, ಪಿ.ಎಫ್., ಇ.ಎಸ್.ಐ. ಕಟ್ಟುತ್ತಾರೋ ಇಲ್ಲವೋ, ಮೊದಲೇ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಕಡಲ ಸಿಗಡಿಯನ್ನೇ ನಂಬಿದ ಕಡೆ ಕೆಲಸ ಕಡಿಮೆ. ಊರಲ್ಲಿ ಆಗ ನಾಟಿ. ನಾನಂತೂ ಪ್ರತಿ ವರ್ಷ ಆ ಎರಡು ತಿಂಗಳು ಗದ್ದೆಗೇ ಬರುತ್ತಿದ್ದೆ.