ದವನದ ಹುಣ್ಣಿಮೆಯ ಅಕ್ಕ: ಆಚರಣೆ ಮತ್ತು ವಚನ

ಹನ್ನೆರಡನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿಯ ಜಯಂತಿಯು ಚೈತ್ರ ಮಾಸದ ಪೂರ್ಣಿಮೆಯಂದು, ಎಂದರೆ ಸುವಾಸನೆಯ ದವನದ ಕುಡಿಗಳನ್ನು ದೇವರಿಗೆ ಏರಿಸುವ ರೂಢಿಯಿಂದ ದವನದ ಹುಣ್ಣಿಮೆ ಎಂದು ಹೆಸರಾದ ದಿನದಂದು ನಡೆಯುತ್ತದೆ. ಈ ತಿಥಿಗೆ ಶಾಸನದ ಆಧಾರವಿಲ್ಲ, ಪರಂಪರೆಯ ನಂಬುಗೆಯಿದೆ. ಆಕೆಯ ಹುಟ್ಟೂರೆನಿಸಿದ ಶಿಕಾರಿಪುರ ತಾಲ್ಲೂಕಿನ ಉಡುತಡಿಗೆ ಅದರದೇ ಆದ ಮಹತ್ವವಿದ್ದರೂ ಆಚರಣೆಯ ನಿಜವಾದ ಜೀವ ಇರುವುದು ಮಠದ ಆವರಣಗಳಲ್ಲಿ, ಓಣಿಯ ಸಮುದಾಯ ಭವನಗಳಲ್ಲಿ; ಅದನ್ನು ಹೊತ್ತು ನಡೆಸುವವರು ಬಹುಮಟ್ಟಿಗೆ 'ಅಕ್ಕನ ಬಳಗ' ಎಂಬ ಹೆಸರಿನ, ಭಜನೆಗೂ ವಚನಚಿಂತನೆಗೂ ಸೇರುವ ಸ್ಥಳೀಯ ಮಹಿಳಾ ಕೂಟಗಳು.

ಈ ಜಯಂತಿಗಳಲ್ಲಿ ಬಹಳ ಕಡೆ ಕಾಣುವ ವಿಧಿಯೆಂದರೆ ತೊಟ್ಟಿಲು ತೂಗುವುದು. ಹೂವಿನಿಂದ ಸಿಂಗರಿಸಿದ ತೊಟ್ಟಿಲಲ್ಲಿ ಅಕ್ಕನ ಭಾವಚಿತ್ರವನ್ನೋ ಪುಟ್ಟ ಮೂರ್ತಿಯನ್ನೋ ಇಟ್ಟು, ಮುತ್ತೈದೆಯರು ಜೋಗುಳ ಹಾಡಿ, ಹೆಸರಿಟ್ಟು, ಬಂದವರಿಗೆ ಸಿಹಿ ಹಂಚುತ್ತಾರೆ. ಗಂಡನನ್ನೂ ಅರಮನೆಯನ್ನೂ ಕಡೆಗೆ ಉಟ್ಟ ಬಟ್ಟೆಯನ್ನೂ ತೊರೆದು ಶ್ರೀಶೈಲದ ಕದಳಿಯತ್ತ ನಡೆದವಳೆಂದು ಕಾವ್ಯಗಳು ಸಾರುವ ಹೆಣ್ಣನ್ನು, ಆಕೆ ಬಿಟ್ಟುಹೋದ ಸಂಸಾರದ ಶಾಸ್ತ್ರಗಳಿಂದಲೇ ಬರಮಾಡಿಕೊಳ್ಳುವ ಈ ಬಗೆಯು ವಿಮರ್ಶಕರಿಗೆ ಕಸಿವಿಸಿ ತರುವಂಥದು. ಆದರೆ ಹಾಗೆ ಬರಮಾಡಿಕೊಳ್ಳುವವರ ಕಡೆಯಿಂದ ನೋಡಿದರೆ, ಮನೆಯ ಯಜಮಾನನ ಅನುಮತಿಯಿಲ್ಲದೆ ಹೊಸಿಲು ದಾಟಲಾಗದಿದ್ದ ಹೆಂಗಸರಿಗೆ ಒಂದಿಡೀ ಸಂಜೆ ಹೊರಗೆ ಕೂತು ಹಾಡಲು, ಮಾತಾಡಲು, ವೇದಿಕೆಯೇರಲು ಸಿಕ್ಕ ನೆಪವೂ ಇದೇ ಆಗಿದ್ದಿತು.

ರೂಪಕಗಳಲ್ಲಿ, ಎಂದರೆ ಜಯಂತಿಯ ರಾತ್ರಿ ಆಡುವ ಕಿರುನಾಟಕಗಳಲ್ಲಿ, ಈ ಹೊಂದಾಣಿಕೆ ಇನ್ನಷ್ಟು ಸ್ಪಷ್ಟ. ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಅಕ್ಕ ಷರತ್ತುಗಳನ್ನೊಡ್ಡಿ ರಾಜ ಕೌಶಿಕನನ್ನು ವರಿಸುತ್ತಾಳೆ, ಅವನು ಮಾತು ತಪ್ಪಿದಾಗ ಹೊರಡುತ್ತಾಳೆ. ಚಾಮರಸನ 'ಪ್ರಭುಲಿಂಗಲೀಲೆ'ಯಾದರೋ ಆ ಮದುವೆಯನ್ನೇ ಒಪ್ಪುವುದಿಲ್ಲ. ಯಾವ ಊರಿನ ತಂಡ ಯಾವ ಕಥೆಯನ್ನು ಎತ್ತಿಕೊಳ್ಳುತ್ತದೆ ಎಂಬುದರಲ್ಲಿ ಆ ಊರು ಹೆಣ್ಣಿನ ನಿರಾಕರಣೆಯನ್ನು ಎಷ್ಟರಮಟ್ಟಿಗೆ ಸಹಿಸುತ್ತದೆ ಎಂಬುದೂ ತಿಳಿಯುತ್ತದೆ. ಪಾತ್ರಧಾರಿ ಬಾಲಕಿಯು ಮೈತುಂಬ ಉಡುಪು ತೊಟ್ಟು, ಅದರ ಮೇಲೆ ಮೊಣಕಾಲಿನವರೆಗೆ ಇಳಿಯುವ ಕರಿಯ ಚೌರಿಯನ್ನು ಹರಡಿಕೊಂಡು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನಿಲ್ಲುತ್ತಾಳೆ. ವಚನಗಳನ್ನು ಸಂವಾದವಾಗಿ ಹೆಣೆದ 'ಶೂನ್ಯಸಂಪಾದನೆ'ಯಲ್ಲಿ ವಚನಕಾರ ಅಲ್ಲಮನು ಅಕ್ಕನನ್ನು ತಡೆದು ಕೇಳುವುದು ಸರಿಯಾಗಿ ಇದನ್ನೇ: ಸೀರೆಯನ್ನು ತೊರೆದವಳಿಗೆ ಕೂದಲ ಮರೆ ಏತಕ್ಕೆ? ಆ ಪ್ರಶ್ನೆಯ ಮೊನಚು, ಬಟ್ಟೆಯ ಮೇಲೆ ಕೂದಲು ಹೊದ್ದ ವೇಷದ ಮುಂದೆ ಮೊಂಡಾಗುವುದು ಸಹಜ.

ಆದರೂ ಈ ಆಚರಣೆಗಳ ತಿರುಳು ತೊಟ್ಟಿಲಲ್ಲೂ ಇಲ್ಲ, ವೇಷದಲ್ಲೂ ಇಲ್ಲ. ವಚನ ಕಂಠಪಾಠ ಸ್ಪರ್ಧೆಯಲ್ಲಿದೆ. ಪುಸ್ತಕ ನೋಡದೆ, 'ಚೆನ್ನಮಲ್ಲಿಕಾರ್ಜುನ' ಎಂಬ ಅಂಕಿತದವರೆಗೆ, ಎಂದರೆ ವಚನದಲ್ಲಿ ರಚಿಸಿದವರ ಗುರುತಾಗಿ ಬರುವ ಇಷ್ಟದೈವದ ಹೆಸರಿನವರೆಗೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಮಗುವಿಗೆ ಅರ್ಥ ಪೂರ್ತಿ ತಿಳಿದಿರಬೇಕೆಂದೇನಿಲ್ಲ. ವಚನವು ಮೂಲತಃ ಆಡಿದ ಮಾತಾದ್ದರಿಂದ ನಾಲಿಗೆಯ ಮೇಲೆ ಉಳಿಯುವುದೇ ಅದಕ್ಕೆ ಸಹಜವಾದ ಉಳಿವು. ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದ ಮೇಲೆ ಓದುಗರ ಕೈಗೆ ಬಂದ ವಚನಗಳನ್ನು ಕೇಳುಗರ ಕಿವಿಗೆ ಮುಟ್ಟಿಸಿದ್ದರಲ್ಲಿ ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರ ಪಾಲೂ, ಈ ಊರ ವೇದಿಕೆಗಳ ಪಾಲೂ ಇದೆ.

ಕೊರತೆಯಿರುವುದು ಆಯ್ಕೆಯಲ್ಲಿ. ಅಕ್ಕನ 400ಕ್ಕೂ ಹೆಚ್ಚು ವಚನಗಳು ದೊರೆತಿದ್ದರೂ ವೇದಿಕೆಗೆ ಬರುವವು ಬೆರಳೆಣಿಕೆಯವು, ಅವೂ ನೀತಿಬೋಧೆಗೆ ಒಗ್ಗುವಂಥವು. ದೇಹ, ಕಾಮ, ಲಜ್ಜೆಗಳನ್ನು ನೇರವಾಗಿ ಎದುರಿಸುವವು ಹಿಂದೆ ಸರಿಯುತ್ತವೆ. ಅಕ್ಕನ ನೆರಳಿನಲ್ಲಿ ಇತರ ಶರಣೆಯರೂ ಮರೆಯಾಗುತ್ತಾರೆ. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಡೆದು ಪ್ರಶ್ನಿಸಿದ ಆಯ್ದಕ್ಕಿ ಲಕ್ಕಮ್ಮನ ವಚನಗಳಿಗೆ ಈಚೆಗೆ ಒಂದಿಷ್ಟು ಜಾಗ ಸಿಕ್ಕಿದೆ. ತನ್ನ ವೃತ್ತಿಯ ಮಾತಿನಲ್ಲೇ ವ್ರತನಿಷ್ಠೆಯನ್ನು ಹೇಳಿದ ಸೂಳೆ ಸಂಕವ್ವೆಯದು ಉಳಿದಿರುವುದೇ ಒಂದು ವಚನ. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಲು ಹಿಂಜರಿಕೆಯಿದ್ದರೆ, ಅಂದಿನ ಉಪನ್ಯಾಸದಲ್ಲಿ ದೊಡ್ಡವರ ಮುಂದೆ ಓದಲು ಅಡ್ಡಿಯಿರಬೇಕಾಗಿಲ್ಲ.