ಮೆಂತ್ಯದ ಲೋಳೆ ಮತ್ತು ಸಕ್ಕರೆ ಕಾಯಿಲೆ



ಸಕ್ಕರೆ ಕಾಯಿಲೆ ಪೇಟೆಯವರಿಗೆ ಮಾತ್ರ ಎಂಬ ಕಾಲ ಹೋಯಿತು. ಹೊಲದಲ್ಲಿ ದುಡಿಯುವವರಿಗೂ ಅದು ಬರುತ್ತಿದೆ. ಜೊತೆಗೇ, "ಮೆಂತ್ಯ ತಿಂದರೆ ಸಾಕು, ಮಾತ್ರೆ ಯಾಕೆ?" ಎಂಬ ಮಾತೂ ಹಬ್ಬಿದೆ. ಇದರಲ್ಲಿ ನಿಜವೆಷ್ಟು, ನೋಡೋಣ.

ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಾಳು ಉಬ್ಬಿ ಲೋಳೆ ಬಿಟ್ಟಿರುತ್ತದೆ. ಆ ಲೋಳೆಯ ಹೆಸರು ಗ್ಯಾಲಕ್ಟೊಮ್ಯಾನನ್. ಹೂ ಪೋಣಿಸಿದಂತೆ ಸಕ್ಕರೆಯ ಸಣ್ಣ ಕಣಗಳು ಸರವಾಗಿ ಕೂಡಿದ ವಸ್ತು ಅದು. ಇಂಥವಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಅಕ್ಕಿ, ರಾಗಿಯ ಪಿಷ್ಟವೂ ಇದೇ ಜಾತಿಯದು.

"ಹಾಗಾದರೆ ಸಕ್ಕರೆಯಿಂದಾದದ್ದು ಸಕ್ಕರೆಯನ್ನೇ ಹೇಗೆ ತಗ್ಗಿಸೀತು?" ಎಂದು ಕೇಳುವಿರಿ. ಪಿಷ್ಟದ ಸರವನ್ನು ನಮ್ಮ ಜೀರ್ಣರಸ ಕಡಿದು ಸಕ್ಕರೆ ಮಾಡುತ್ತದೆ. ಮೆಂತ್ಯದ ಈ ಸರವನ್ನು ಕಡಿಯಲಾರದು. ಅದು ಲೋಳೆಯಾಗಿಯೇ ಊಟದೊಡನೆ ಬೆರೆಯುತ್ತದೆ. ತೂಬನ್ನು ಪೂರ್ತಿ ಎತ್ತದೆ ನೀರು ಬಿಟ್ಟ ಹಾಗೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಇಳಿಯುತ್ತದೆ. ಗೋರಿಕಾಯಿಯ ಬಲಿತ ಬೀಜದ ಅಂಟೂ ಇದೇ ಬಗೆಯದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಇದನ್ನು ಪರೀಕ್ಷಿಸಿದ್ದಾರೆ. 1990ರಲ್ಲಿ ಪ್ರಕಟವಾದ ಅವರ ಒಂದು ವರದಿಯಂತೆ, ಕೆಲವು ರೋಗಿಗಳಿಗೆ ಜಿಡ್ಡು ತೆಗೆದ ಮೆಂತ್ಯದ ಹಿಟ್ಟನ್ನು ದಿನಕ್ಕೆ 100 ಗ್ರಾಂನಂತೆ 10 ದಿನ ಊಟದಲ್ಲಿ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ ನೂರಕ್ಕೆ 54ರಷ್ಟು ಇಳಿಯಿತು. ಆದರೆ ಗಮನಿಸಿ: ಅವರೆಲ್ಲ ಇನ್ಸುಲಿನ್ ಬೇಕಾದ ರೋಗಿಗಳು. ಮೆಂತ್ಯ ಅದಕ್ಕೆ ನೆರವಾಯಿತೇ ಹೊರತು, ಅದರ ಜಾಗಕ್ಕೆ ಬರಲಿಲ್ಲ. ಇನ್ಸುಲಿನ್ ಬೇಕಾದ ಮಗುವಿಗೆ ಅದನ್ನು ನಿಲ್ಲಿಸಿ ಮೆಂತ್ಯದ ನೀರು ಕುಡಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.

ಬಳಸುವುದು ಹೇಗೆ? ಒಂದು ಸಣ್ಣ ಚಮಚದಿಂದ ಶುರುಮಾಡಿ. ನೆನೆಸಿ ರುಬ್ಬಿ ದೋಸೆಹಿಟ್ಟಿಗೋ ರೊಟ್ಟಿಗೋ ಸೇರಿಸಿ. ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಒಣಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ. ಗಂಟಲಲ್ಲಿ ಉಬ್ಬಿ ಸಿಕ್ಕಿಕೊಂಡೀತು. ಬಸುರಿಯರು ಅಡಿಗೆಯ ಒಗ್ಗರಣೆಯಷ್ಟಕ್ಕೇ ನಿಲ್ಲಿಸುವುದು ಮೇಲು. ಬಿತ್ತನೆಗೆಂದು ಔಷಧಿ ಬೆರೆಸಿದ ಬೀಜವನ್ನಂತೂ ಅಡಿಗೆಮನೆಗೆ ತರಲೇಬಾರದು.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ದಿನವೂ ತಿನ್ನಿ. ಬೆವರು, ನಡುಕ, ಕಣ್ಣು ಕತ್ತಲಿಡುವುದು ಕಂಡರೆ ಸಕ್ಕರೆ ಬಹಳ ಇಳಿದಿರಬಹುದು. ಆಗ ಪಥ್ಯ ನೋಡದೆ ಕೂಡಲೇ ಸಕ್ಕರೆ ನೀರು ಕುಡಿಯಿರಿ.

ಮೆಂತ್ಯ ತಟ್ಟೆಯಲ್ಲಿರಲಿ, ಮಾತ್ರೆಯೂ ತಪ್ಪದಿರಲಿ, ರಕ್ತಪರೀಕ್ಷೆಯೂ ಆಗುತ್ತಿರಲಿ.